ನೆರಳಿನ ಋಣ

ಪೇಟೆಯಲ್ಲಿ ಕಾಲಿಟ್ಟ ಕಡೆಯೆಲ್ಲ ಒಂದೇ ಪ್ರಶ್ನೆ ನಮ್ಮನ್ನು ಎದುರುಗೊಳ್ಳುತ್ತದೆ: 'ಏನು ಬೇಕು?' ಹೋಟೆಲಿನಲ್ಲಿ ಮಾಣಿ ಕೇಳುತ್ತಾನೆ, ಅಂಗಡಿಯಲ್ಲಿ ಯಜಮಾನ ಕೇಳುತ್ತಾನೆ, ಕಚೇರಿಯ ಬಾಗಿಲಲ್ಲಿ ಕಾವಲಿನವನು ಕೇಳುತ್ತಾನೆ. 'ಏನೂ ಬೇಡಪ್ಪಾ, ಸ್ವಲ್ಪ ಹೊತ್ತು ಸುಮ್ಮನೆ ಕೂತು ಹೋಗುತ್ತೇನೆ' ಎಂದು ಹೇಳಬಹುದಾದ ಜಾಗಗಳು ನಗರದಲ್ಲಿ ಬೆರಳೆಣಿಕೆಯಷ್ಟೇ. ಮಸೀದಿಯಲ್ಲಿ, ಗುಡಿಯಲ್ಲಿ, ಚರ್ಚಿನಲ್ಲಿ ಕೂರಬಹುದು, ನಿಜ. ಆದರೆ ಅಲ್ಲಿಗೆ ಹೋಗುವಾಗ ನಾವು ಯಾರು ಎಂಬುದು ಮೊದಲೇ ತೀರ್ಮಾನವಾಗಿರುತ್ತದೆ. ಯಾರೆಂದು ಕೇಳದೆ, ಏನು ಬೇಕೆಂದು ಕೇಳದೆ ಕೂರಲು ಬಿಡುವ ಜಾಗವೆಂದರೆ ದೊಡ್ಡ ಉದ್ಯಾನವೊಂದೇ. ಬೆಂಗಳೂರಿನವರಿಗೆ ಅಂಥ ಜಾಗ ಲಾಲ್‌ಬಾಗ್.

ಹಾಗೆ ಕೂರುವ ಹಕ್ಕು ನಮಗೆ ಎಲ್ಲಿಂದ ಬಂತು? ಆ ಗಿಡಗಳನ್ನು ನಾವು ನೆಟ್ಟಿಲ್ಲ. ನೀರು ಹಾಕಿಲ್ಲ. ನಮ್ಮ ಅಜ್ಜಂದಿರೂ ಹಾಕಿಲ್ಲ. ಆದರೂ ಮನೆಯ ಹಿತ್ತಲಿಗೆ ಹೋದಂತೆ ಹೋಗುತ್ತೇವೆ, ಬುತ್ತಿ ಬಿಚ್ಚುತ್ತೇವೆ, ಮಕ್ಕಳನ್ನು ಓಡಲು ಬಿಡುತ್ತೇವೆ. ದುಡಿಯದೆ ಪಡೆದದ್ದನ್ನು ಅನುಭವಿಸುವುದು ಸರಿಯೇ? ಸರಿ ಎನ್ನುವುದಾದರೆ, ಅದನ್ನು ಇನ್ನೊಬ್ಬನಿಗೆ ಬೇಡವೆನ್ನುವ ಅಧಿಕಾರ ಯಾರಿಗಾದರೂ ಇದೆಯೇ? ಲಾಲ್‌ಬಾಗಿನ ಕತೆಯನ್ನು ಸ್ವಲ್ಪ ನಿಧಾನವಾಗಿ ನೋಡಿದರೆ ಈ ಪ್ರಶ್ನೆಗಳಿಗೆ ಒಂದು ದಾರಿ ಕಾಣುತ್ತದೆ.

ಹೈದರಾಲಿ ಈ ತೋಟಕ್ಕೆ ಕೈ ಹಾಕಿದ್ದು 1760ರಲ್ಲಿ. ಸಿರಾದಲ್ಲಿದ್ದ ಮೊಗಲ್ ಮಾದರಿಯ ತೋಟ ಅವನಿಗೆ ಮೇಲ್ಪಂಕ್ತಿಯಾಗಿತ್ತು. ಆಗ ಇದ್ದದ್ದು ಸುಮಾರು 40 ಎಕರೆ. ಮಗ ಟಿಪ್ಪು ಅದನ್ನು ಮುಂದುವರಿಸಿ ದೂರದೂರದ ನಾಡುಗಳಿಂದ ಬೀಜ, ಸಸಿಗಳನ್ನು ತರಿಸಿದ. 1800ರಲ್ಲಿ, ಅಂದರೆ ಟಿಪ್ಪು ಮಡಿದ ಮರುವರ್ಷ, ಇಲ್ಲಿಗೆ ಬಂದ ಫ್ರಾನ್ಸಿಸ್ ಬುಕಾನನ್ ಚೌಕಚೌಕದ ಮಡಿಗಳನ್ನೂ ಅವುಗಳ ನಡುವಿನ ದಾರಿಗಳನ್ನೂ ದಾರಿಯ ಇಕ್ಕೆಲದ ಸೈಪ್ರೆಸ್ ಮರಗಳನ್ನೂ ಕಂಡು ಬರೆದಿಟ್ಟಿದ್ದಾನೆ. ಆಮೇಲೆ ತೋಟ ಕಂಪನಿಯವರ ಕೈಗೆ ಹೋಯಿತು. 1856ರಲ್ಲಿ ಅದು ಸರ್ಕಾರಿ ಸಸ್ಯೋದ್ಯಾನವಾಯಿತು. ಇಂಗ್ಲೆಂಡಿನ ಕ್ಯೂ ಉದ್ಯಾನದಲ್ಲಿ ಪಳಗಿದ ವಿಲಿಯಂ ನ್ಯೂ ಬಂದ. ಅವನ ನಂತರ ಜಾನ್ ಕ್ಯಾಮರಾನ್. ಇಂದು ನಾವು ಸಾಂಬಾರಿಗೆ ಹಾಕುವ ಸೀಮೆಬದನೆ ನಮ್ಮ ನಾಡಿಗೆ ಒಗ್ಗಿದ್ದು ಈ ಕ್ಯಾಮರಾನನ ಕಾಲದಲ್ಲಿ, ಲಾಲ್‌ಬಾಗಿನ ಮೂಲಕವೇ ಎನ್ನುತ್ತಾರೆ. ಗಾಜಿನ ಮನೆಗೆ 1889ರ ನವೆಂಬರ್ 30ರಂದು ಬ್ರಿಟಿಷ್ ರಾಜಕುಮಾರ ಆಲ್ಬರ್ಟ್ ವಿಕ್ಟರ್ ಅಡಿಗಲ್ಲು ಹಾಕಿದ. 1908ರಲ್ಲಿ ಬಂದ ಜರ್ಮನಿಯ ಕ್ರುಂಬಿಗಲ್, ಒಂದು ಜಾತಿಯ ಮರ ಹೂ ಉದುರಿಸುವ ಹೊತ್ತಿಗೆ ಇನ್ನೊಂದು ಅರಳುವಂತೆ ಬೆಂಗಳೂರಿನ ಬೀದಿಗಳಿಗೆ ಮರಗಳನ್ನು ಆರಿಸಿದರು. ಮೊದಲ ಮಹಾಯುದ್ಧದಲ್ಲಿ ಶತ್ರುದೇಶದವನೆಂದು ಅವರನ್ನು ಬಂಧನದಲ್ಲಿಟ್ಟರು. ಬಿಡುಗಡೆಯಾದ ಮೇಲೆ ಮತ್ತೆ ಬಂದು ಗಿಡ ನೆಟ್ಟರು. 1956ರಲ್ಲಿ ಬೆಂಗಳೂರಿನಲ್ಲೇ ಕಣ್ಣು ಮುಚ್ಚಿದರು. ಅವರ ಬಳಿಕ ಜವರಾಯ, ಮರಿಗೌಡ. ಗಾಜಿನ ಮನೆಯ ಇನ್ನೊಂದು ರೆಕ್ಕೆ 1935ರಲ್ಲಿ ಸೇರಿತು. ಆಗ ದಿವಾನರಾಗಿದ್ದವರು ಮಿರ್ಜಾ ಇಸ್ಮಾಯಿಲ್. ಉಕ್ಕು ಬಂದದ್ದು ನಮ್ಮ ಭದ್ರಾವತಿಯಿಂದ. 40 ಎಕರೆ ಇದ್ದ ತೋಟ ಇಂದು 240 ಎಕರೆ.

ಈ ಹೆಸರುಗಳನ್ನು ಒಂದರ ಪಕ್ಕ ಒಂದಿಟ್ಟು ನೋಡಿದಾಗ ಒಂದು ಮಾತು ಹೊಳೆಯುತ್ತದೆ. ಇವರಲ್ಲಿ ಯಾರೂ ತಾವು ನೆಟ್ಟದ್ದರ ಪೂರ್ತಿ ನೆರಳನ್ನು ಕಂಡವರಲ್ಲ. ಹೈದರ್ 1782ರಲ್ಲಿ ತೀರಿಕೊಂಡ. ಟಿಪ್ಪುವಿನ ಕಾಲದವು ಎಂದು ಜನ ಇಂದಿಗೂ ತೋರಿಸುವ ಮಾವಿನ ಮರಗಳ ಕೆಳಗೆ ಟಿಪ್ಪು ಎಷ್ಟು ದಿನ ಕೂತಿರಲು ಸಾಧ್ಯ? ಕುದುರೆಯ ಬೆನ್ನಿನಿಂದ ಇಳಿಯಲು ಪುರುಸೊತ್ತಿಲ್ಲದ ಬದುಕು ಅದು. ಮರ ನೆಡುವ ಕೆಲಸವೇ ಹಾಗೆ. ನೆಡುವವನ ಆಯುಸ್ಸಿಗಿಂತ ಮರದ ಆಯುಸ್ಸು ದೊಡ್ಡದು. ಅದರ ನೆರಳು, ನೆಟ್ಟವನು ಎಂದೂ ನೋಡದ ಜನರಿಗೆ ಸಲ್ಲುತ್ತದೆ.

ಇಷ್ಟಾದರೂ ಇಂದು ಒಂದು ವಿಚಿತ್ರ ಜಗಳ ನಡೆಯುತ್ತಿದೆ. 'ಇದು ನಮ್ಮ ಹೈದರ್, ನಮ್ಮ ಟಿಪ್ಪು ಕಟ್ಟಿಸಿದ್ದು' ಎಂದು ನಮ್ಮವರು ಕೆಲವರು ಎದೆ ತಟ್ಟಿಕೊಳ್ಳುತ್ತಾರೆ. ಆ ಹೆಸರುಗಳೇ ಕಿವಿಗೆ ಬೀಳಬಾರದು ಎನ್ನುವವರು ಇನ್ನೊಂದು ಕಡೆ ಇದ್ದಾರೆ. ಇಂಗ್ಲಿಷರು ಬರದಿದ್ದರೆ ಇಲ್ಲಿ ಲಂಟಾನಾ ಬೆಳೆಯುತ್ತಿತ್ತು ಎನ್ನುವ ಮೂರನೆಯವರೂ ಇದ್ದಾರೆ. ಚರಿತ್ರೆಯಲ್ಲಿ ಯಾರು ಏನು ಮಾಡಿದರು ಎಂಬುದನ್ನು ಮರೆಸುವುದು ಸುಳ್ಳು. ಹೈದರನ ಹೆಸರನ್ನು ಒರೆಸಿ ಲಾಲ್‌ಬಾಗಿನ ಕತೆ ಹೇಳಲಾಗದು. ಆದರೆ ನೆನಪಿಡುವುದು ಬೇರೆ, ಪಟ್ಟಾ ಕೇಳುವುದು ಬೇರೆ. ಎರಡೂವರೆ ಶತಮಾನದ ಹಿಂದೆ ಒಬ್ಬ ಅರಸ ಮಾಡಿದ ಕೆಲಸಕ್ಕೆ ಇಂದು ಅವನ ಧರ್ಮದವರಾದ ನಾವು ಹಕ್ಕುದಾರರಾಗುವುದು ಹೇಗೆ? ನಾವು ಮಾಡದ ಕೆಲಸದ ಹೆಮ್ಮೆ ನಮಗೆ ಬರುವುದಾದರೆ, ನಾವು ಮಾಡದ ತಪ್ಪಿನ ಹೊಣೆಯನ್ನೂ ನಮ್ಮ ಹೆಗಲಿಗೆ ಹಾಕಲು ಎದುರಿನವನಿಗೆ ದಾರಿಯಾಯಿತು. ಇಂದು ನಡೆಯುತ್ತಿರುವುದೂ ಅದೇ ಅಲ್ಲವೇ? ಎದೆ ತಟ್ಟಿಕೊಳ್ಳುವವನು ಮತ್ತು ಹೆಸರು ಒರೆಸುವವನು ಇಬ್ಬರೂ ಒಂದೇ ಲೆಕ್ಕವನ್ನು ನಂಬಿದ್ದಾರೆ: ಗಿಡ ನೆಟ್ಟವನ ಜಾತಿಯವರಿಗೆ ನೆರಳು ಸೇರಬೇಕು ಎಂಬ ಲೆಕ್ಕವನ್ನು.

ಆ ಲೆಕ್ಕ ಹಿಡಿದರೆ ಮೊದಲ ಪಾಲು ಕೇಳಬೇಕಾದವರು ಅರಸರೂ ಅಲ್ಲ, ಸಾಹೇಬರೂ ಅಲ್ಲ. ಲಾಲ್‌ಬಾಗಿನ ಮೊದಲ ದಿನಗಳಲ್ಲಿ ಇಲ್ಲಿ ದುಡಿದವರಲ್ಲಿ ತೋಟಗಾರಿಕೆಯಲ್ಲಿ ನುರಿತ ತಿಗಳ ಸಮುದಾಯದವರು ಮುಖ್ಯರು. ಬೆಂಗಳೂರಿನ ಕರಗ ಅವರದೇ. ಆ ಕರಗ ಇಂದಿಗೂ ಕಾಟನ್‌ಪೇಟೆಯ ತವಕ್ಕಲ್ ಮಸ್ತಾನ್ ದರ್ಗಾಕ್ಕೆ ಭೇಟಿ ಕೊಟ್ಟು ಮುಂದೆ ಸಾಗುತ್ತದೆ. ಉದ್ಯಾನದಲ್ಲಿ ಗಣ್ಯರು ನೆಟ್ಟ ಮರಗಳ ಮುಂದೆ ಹೆಸರಿನ ಫಲಕಗಳಿವೆ. 1961ರಲ್ಲಿ ಬಂದಿದ್ದ ಇಂಗ್ಲೆಂಡಿನ ರಾಣಿ ಎಲಿಜಬೆತ್ ನೆಟ್ಟ ಮರವೂ ಅಲ್ಲಿದೆ. ಗಣ್ಯರು ಹಿಡಿ ಮಣ್ಣು ಹಾಕಿ ಹೋದರು. ಮರುದಿನದಿಂದ ಬೇಸಿಗೆಯ ಬಿಸಿಲಿನಲ್ಲಿ ನೀರು ಹೊತ್ತು ಅವನ್ನು ಮರ ಮಾಡಿದ ಮಾಲಿಯ ಹೆಸರು ಯಾವ ಫಲಕದಲ್ಲೂ ಇಲ್ಲ. ಅವನೂ ಕೇಳಲಿಲ್ಲ. ಹೀಗೆ ಹೆಸರಿಲ್ಲದವರ ಬೆವರು ಸೇರಿರುವ ಕಾರಣದಿಂದಲೇ ಈ ತೋಟವನ್ನು ಒಬ್ಬರ ಹೆಸರಿಗೆ ಬರೆದುಕೊಡಲು ಆಗುವುದಿಲ್ಲ.

ಇಲ್ಲಿ ಒಂದು ಆಕ್ಷೇಪ ಬರಬಹುದು. ಅರಸರ ತೋಟವೆಂದರೆ ಜನರ ಕಂದಾಯದಿಂದ, ಬಿಟ್ಟಿ ದುಡಿಮೆಯಿಂದ ಬೆಳೆದದ್ದು, ರಾಜಕುಮಾರನ ಭೇಟಿಯ ನೆಪದಲ್ಲಿ ಎದ್ದ ಗಾಜಿನ ಮನೆ ಪರಕೀಯರ ಆಡಳಿತದ ಗುರುತು, ಅಂಥದ್ದನ್ನು ಹೊಗಳುವುದೇಕೆ? ಆಕ್ಷೇಪದಲ್ಲಿ ಹುರುಳಿದೆ. ಅರಸರು ಬಡವನೊಬ್ಬ ಬಂದು ಕೂರಲಿ ಎಂದು ತೋಟ ಮಾಡುತ್ತಿರಲಿಲ್ಲ. ಆದರೆ ಒಂದು ವಸ್ತು ಹುಟ್ಟಿದ ಉದ್ದೇಶವೇ ಅದರ ಹಣೆಬರಹವಾಗಬೇಕಾಗಿಲ್ಲ. ಅರಸರ ವಿಲಾಸಕ್ಕಿದ್ದದ್ದು ಜನರ ಸ್ವತ್ತಾದದ್ದು ಯಾರೋ ಒಬ್ಬರ ಔದಾರ್ಯದಿಂದಲ್ಲ. ತಲೆಮಾರುಗಳ ಕಾಲ ಜನ ಬಂದು ಕೂತು, ನಡೆದು, ಮಕ್ಕಳನ್ನು ಕರೆತಂದು ಅದನ್ನು ತಮ್ಮದಾಗಿಸಿಕೊಂಡರು. 1975ರಲ್ಲಿ ಕರ್ನಾಟಕ ಸರ್ಕಾರಿ ಉದ್ಯಾನವನಗಳ ಸಂರಕ್ಷಣಾ ಕಾಯ್ದೆ ಬಂದಾಗ ಕಾನೂನು ಇದಕ್ಕೊಂದು ಬೇಲಿ ಹಾಕಿತು.

ನಮ್ಮ ಹಳ್ಳಿಗಳಲ್ಲಿಯೂ ಇಂಥ ಜಾಗಗಳು ಇದ್ದವು. ಊರ ಹೊರಗೆ ಗುಂಡುತೋಪು ಇರುತ್ತಿತ್ತು. ದಾರಿಹೋಕರು ಗಾಡಿ ಬಿಟ್ಟು, ಎತ್ತಿಗೆ ಹುಲ್ಲು ಹಾಕಿ, ಅಡುಗೆ ಮಾಡಿಕೊಂಡು ಹೋಗುತ್ತಿದ್ದರು. ಊರೊಳಗೆ ಅರಳಿಕಟ್ಟೆ ಇರುತ್ತಿತ್ತು. ಹಳೆಯದನ್ನು ನೆನೆದು ಹಂಬಲಿಸುವವರು ಒಂದನ್ನು ಮರೆಯುತ್ತಾರೆ: ಅರಳಿಕಟ್ಟೆಯ ಮೇಲೆ ಎಲ್ಲರೂ ಕೂರುವಂತಿರಲಿಲ್ಲ. ದಲಿತರು ಕಟ್ಟೆಯಿಂದ ದೂರ ನಿಲ್ಲಬೇಕಿತ್ತು. ಹೆಂಗಸರು ತಲೆ ತಗ್ಗಿಸಿ ದಾಟಿ ಹೋಗಬೇಕಿತ್ತು. ಮರ ನೆರಳು ಕೊಡುತ್ತಿತ್ತು, ಕಟ್ಟೆ ತಡೆಯುತ್ತಿತ್ತು. ನಗರದ ಉದ್ಯಾನದ ಬೆಂಚು ಈ ಅರಳಿಕಟ್ಟೆಗಿಂತ ಒಂದು ಹೆಜ್ಜೆ ಮುಂದೆ ಹೋಯಿತು. ಪಕ್ಕದಲ್ಲಿ ಕೂತವನ ಜಾತಿ ಗೊತ್ತಾಗುವುದಿಲ್ಲ, ಗೊತ್ತಾದರೂ ಅವನನ್ನು ಎಬ್ಬಿಸುವ ಹಕ್ಕು ಯಾರಿಗೂ ಇಲ್ಲ. ಇದು ಸಣ್ಣ ಸಂಗತಿಯಲ್ಲ. 2024ರ ಜನವರಿಯ ಫಲಪುಷ್ಪ ಪ್ರದರ್ಶನದಲ್ಲಿ ಗಾಜಿನ ಮನೆಯೊಳಗೆ ಬಸವಣ್ಣನವರನ್ನೂ ವಚನಕಾರರ ಲೋಕವನ್ನೂ ಹೂವಿನಲ್ಲಿ ಕಟ್ಟಿದ್ದರು. ಅದೇ ವರ್ಷದ ಆಗಸ್ಟ್‌ನಲ್ಲಿ ಅಂಬೇಡ್ಕರರ ಬದುಕನ್ನು. ಆ ಜನಜಾತ್ರೆಯಲ್ಲಿ ಭುಜಕ್ಕೆ ಭುಜ ತಾಗಿಸಿಕೊಂಡು ಸರದಿಯಲ್ಲಿ ನಿಂತವರಿಗೆ ಹೂವಿನ ಮೂರ್ತಿಗಿಂತ ಆ ಸರದಿಯೇ ಬಸವಣ್ಣ, ಅಂಬೇಡ್ಕರರಿಗೆ ಹತ್ತಿರದ್ದಾಗಿತ್ತು ಎಂದರೆ ತಪ್ಪಾಗಲಾರದು.

ಆದರೆ ಈ ಸಮಾನತೆ ಪೂರ್ತಿಯಾಗಿದೆಯೇ? ಲಾಲ್‌ಬಾಗಿನ ಟಿಕೆಟ್ಟಿನ ಪದ್ಧತಿಯನ್ನೇ ನೋಡಿ. ಬೆಳಗಿನ ಹೊತ್ತು ನಡಿಗೆಗೆ ಬರುವವರಿಗೆ ಪ್ರವೇಶ ಪುಕ್ಕಟೆ. ಹಗಲು ಹೊತ್ತು ನೋಡಲು ಬರುವವರು ಟಿಕೆಟ್ ಕೊಳ್ಳಬೇಕು. ಬೆಳಗ್ಗೆ ಬರುವವರು ಹೆಚ್ಚಾಗಿ ಸುತ್ತಲಿನ ಬಡಾವಣೆಗಳವರು: ಜಯನಗರ, ಬಸವನಗುಡಿ, ವಿಲ್ಸನ್ ಗಾರ್ಡನ್ ಕಡೆಯವರು. ಭಾನುವಾರ ಮಧ್ಯಾಹ್ನ ಬರುವವರು ಯಾರು? ಆರು ದಿನ ಗಾರೆ ಕೆಲಸ ಮಾಡಿ ಏಳನೆಯ ದಿನ ಹೆಂಡತಿ ಮಕ್ಕಳೊಂದಿಗೆ ಎರಡು ಬಸ್ಸು ಬದಲಾಯಿಸಿ ಬರುವವರು. ರಾಯಚೂರು, ಕಲಬುರಗಿಯಿಂದ, ಬಿಹಾರ, ಅಸ್ಸಾಮಿನಿಂದ ದುಡಿಮೆಗೆ ಬಂದವರು. ಗೇಟಿನ ಬಳಿ ನಿಂತು ಎಷ್ಟು ಜನರಿಗೆ ಟಿಕೆಟ್ ಬೇಕೆಂದು ಎಣಿಸುವವರು ಇವರೇ.

ಟಿಕೆಟ್ ಬೇಕೆನ್ನುವವರ ಮಾತನ್ನೂ ಕೇಳಬೇಕು. 240 ಎಕರೆಯ ತೋಟ ತಾನಾಗಿಯೇ ಉಳಿಯುವುದಿಲ್ಲ. ನೀರು, ಗೊಬ್ಬರ, ಮಾಲಿಗಳ ಸಂಬಳ, ಕಸ ಎತ್ತುವುದು ಎಲ್ಲಕ್ಕೂ ಹಣ ಬೇಕು. ಪುಕ್ಕಟೆ ಸಿಕ್ಕಿದ್ದಕ್ಕೆ ಬೆಲೆ ಇಲ್ಲ ಎಂಬ ಮಾತೂ ಇದೆ. ಇದನ್ನು ತಳ್ಳಿಹಾಕಲಾಗದು. ಆದರೆ ಪುಕ್ಕಟೆ ಕೊಟ್ಟರೆ ಹಾಳು ಮಾಡುತ್ತಾರೆ ಎಂಬ ಅಂಜಿಕೆ ಬೆಳಗಿನವರ ವಿಷಯದಲ್ಲಿ ಏಕೆ ಬರುವುದಿಲ್ಲ? ಅವರನ್ನು ನಾವು ಮನೆಯವರೆಂದು ತಿಳಿದಿದ್ದೇವೆ, ಹಗಲಿನವರನ್ನು ಹೊರಗಿನವರೆಂದು. ಯಾರೂ ದುರುದ್ದೇಶದಿಂದ ಮಾಡಿದ ನಿಯಮ ಇದಲ್ಲ. ರೂಢಿಯಿಂದ ಬಂದದ್ದು. ಅನ್ಯಾಯಗಳಲ್ಲಿ ಬಹುಪಾಲು ಹೀಗೆ ರೂಢಿಯಿಂದಲೇ ಬರುತ್ತವೆ. ಅದೇ ನಗರದ ಕಬ್ಬನ್ ಪಾರ್ಕಿಗೆ ಟಿಕೆಟ್ ಇಲ್ಲ. ಅಲ್ಲಿ ಶೇಷಾದ್ರಿ ಅಯ್ಯರ್ ಸ್ಮಾರಕ ಭವನದ ಗ್ರಂಥಾಲಯ ಇದೆ, ಮಗ್ಗುಲಲ್ಲೇ ವಸ್ತುಸಂಗ್ರಹಾಲಯ, ಕಲಾಗ್ಯಾಲರಿಗಳಿವೆ. ಕಳೆದ ಕೆಲವು ವರ್ಷಗಳಿಂದ ಶನಿವಾರ ಬೆಳಗ್ಗೆ ಅಪರಿಚಿತರು ಪುಸ್ತಕ ಹಿಡಿದು ಬಂದು ಹುಲ್ಲಿನ ಮೇಲೆ ಕೂತು ಮೌನವಾಗಿ ಓದುವ ರೂಢಿಯೂ ಬೆಳೆದಿದೆ. ಗೇಟಿನಲ್ಲಿ ಹಣ ಕೇಳದೆ ಇದ್ದದ್ದರಿಂದ ಆ ಪಾರ್ಕಿನ ಮರ್ಯಾದೆ ಏನೂ ಕಡಿಮೆಯಾಗಿಲ್ಲ.

ಟಿಕೆಟ್ಟಿಗಿಂತ ಭಾರವಾದ ಇನ್ನೊಂದು ಸುಂಕ ಇದೆ. ಅದು ಕಣ್ಣಿನ ಸುಂಕ. ಬುರ್ಖಾ ತೊಟ್ಟ ಹೆಂಗಸೊಬ್ಬಳು ಒಬ್ಬಳೇ ಕೆರೆಯ ದಂಡೆಯಲ್ಲಿ ಕೂತು ನೀರು ನೋಡುತ್ತಿದ್ದರೆ ನೂರು ಕಣ್ಣುಗಳು 'ಇವಳಿಗೇನು ಕೆಲಸ ಇಲ್ಲಿ' ಎಂದು ಕೇಳುತ್ತವೆ. ಅವುಗಳಲ್ಲಿ ಅನ್ಯರ ಕಣ್ಣುಗಳೂ ಇವೆ, ನಮ್ಮವರ ಕಣ್ಣುಗಳೂ ಇವೆ. ನಮ್ಮ ಮನೆಗಳ ಹೆಣ್ಣುಮಕ್ಕಳಿಗೆ ಅಡುಗೆಮನೆ ಬಿಟ್ಟರೆ ಮದುವೆ ಮನೆ, ಅದು ಬಿಟ್ಟರೆ ಆಸ್ಪತ್ರೆ. ಕಾರಣವಿಲ್ಲದೆ ಸುಮ್ಮನೆ ಕೂರುವ ಜಾಗ ಅವರ ಪಾಲಿಗೆ ಎಲ್ಲಿದೆ? ಗಂಡಸರಿಗಾದರೆ ಚಹಾದಂಗಡಿ ಇದೆ, ಜಗಲಿ ಇದೆ, ರಸ್ತೆಯ ಮೂಲೆ ಇದೆ. ಹೆಣ್ಣು ಮಾತ್ರ ಎಲ್ಲಿ ಹೋದರೂ ಕಾರಣ ಹೇಳಬೇಕು. ಇದು ನಮ್ಮ ಸಮುದಾಯದ್ದೊಂದೇ ಕತೆಯಲ್ಲ. ಆದರೆ ನಮ್ಮ ಮನೆಯ ಕತೆಯನ್ನು ನಾವೇ ಹೇಳದಿದ್ದರೆ ಬೇರೆಯವರು ಅದನ್ನು ನಮ್ಮ ವಿರುದ್ಧ ಹೇಳುತ್ತಾರೆ.

ಇದಕ್ಕಿಂತ ಮುಂದೆ ಹೋದದ್ದು ಕಾವಲು ಪಡೆಗಳ ಹಾವಳಿ. ಬೇರೆ ಬೇರೆ ಧರ್ಮದ ಹುಡುಗ ಹುಡುಗಿ ಪಾರ್ಕಿನಲ್ಲಿ ಮಾತಾಡುತ್ತಾ ಕೂತಿದ್ದರೆ ಗುಂಪು ಕಟ್ಟಿಕೊಂಡು ಬಂದು ಹೆಸರು ಕೇಳುವುದು, ತಂದೆಯ ಫೋನ್ ನಂಬರು ಕೇಳುವುದು, ವಿಡಿಯೊ ಮಾಡಿ ಊರಿಗೆಲ್ಲ ಹಂಚುವುದು. ಕರಾವಳಿಯಲ್ಲಿ ಇದನ್ನು ವರ್ಷಗಳಿಂದ ನೋಡುತ್ತಾ ಬಂದಿದ್ದೇವೆ. ನಮ್ಮ ಹುಡುಗರನ್ನು ಹೀಗೆ ಹಿಡಿದು ಬಡಿದಾಗ ನ್ಯಾಯ ಕೇಳಿದವರು ನಾವು. ಅದು ಸರಿಯೇ. ಆದರೆ ನಮ್ಮ ಹುಡುಗಿ ಎಂಬ ಹಕ್ಕಿನಿಂದ ನಮ್ಮದೇ ಹುಡುಗರು ಬುರ್ಖಾ ತೊಟ್ಟವಳ ಎದುರು ನಿಂತು 'ಇವನ ಜೊತೆ ಏಕೆ ಕೂತೆ' ಎಂದು ಗದರಿದಾಗ ನಮ್ಮ ದನಿ ತಗ್ಗುವುದೇಕೆ? ಹುಡುಗಿಯ ಮರ್ಯಾದೆ ಉಳಿಸಲು ಹೊರಟವರು ಅವಳ ಮುಖವನ್ನೇ ಸಾವಿರ ಫೋನುಗಳಿಗೆ ಕಳಿಸುತ್ತಾರೆ. ಇದು ಯಾವ ಮರ್ಯಾದೆ? ಮಕ್ಕಳ ಬಗ್ಗೆ ತಂದೆತಾಯಿಗೆ ಆತಂಕ ಇರುವುದು ಸಹಜ. ಮನೆಯಲ್ಲಿ ಕೂರಿಸಿಕೊಂಡು ಮಾತಾಡುವ ಹಕ್ಕು ಅವರಿಗಿದೆ. ಬೀದಿಯವರಿಗೆ ಆ ಹಕ್ಕನ್ನು ಕೊಟ್ಟವರು ಯಾರು? ತಾವು ನೆಡದ ಮರದ ಕೆಳಗೆ, ತಾವು ಕಟ್ಟದ ಬೆಂಚಿನ ಮುಂದೆ ನಿಂತು ಇನ್ನೊಬ್ಬರನ್ನು ಏಳು ಎನ್ನುವವರು ಆ ಉದ್ಯಾನದ ಮೂಲ ಕರಾರನ್ನೇ ಮುರಿಯುತ್ತಾರೆ. ನನ್ನನ್ನು ಯಾರೆಂದು ಕೇಳದೆ ಒಳಗೆ ಬಿಟ್ಟದ್ದರಿಂದ ನಾನು ಇಲ್ಲಿದ್ದೇನೆ. ಹಾಗಾಗಿ ನಾನೂ ಇನ್ನೊಬ್ಬರನ್ನು ಕೇಳುವಂತಿಲ್ಲ. ಕರಾರು ಇಷ್ಟೇ.

ಹಾಗಾದರೆ ಉದ್ಯಾನದಲ್ಲಿ ಯಾರು ಏನು ಬೇಕಾದರೂ ಮಾಡಬಹುದೇ ಎಂದು ಕೇಳುವವರಿದ್ದಾರೆ. ಖಂಡಿತ ಇಲ್ಲ. ಮರದ ತೊಗಟೆಯಲ್ಲಿ ಹೆಸರು ಕೊರೆಯುವುದು, ಹೂ ಕೀಳುವುದು, ಚಿಪ್ಸಿನ ಪೊಟ್ಟಣ ಎಸೆಯುವುದು, ಹೆಂಗಸರ ಹಿಂದೆ ಬೀಳುವುದು, ಇವೆಲ್ಲ ತಪ್ಪೇ. ಆದರೆ ಈ ತಪ್ಪುಗಳೆಲ್ಲ ಮುಂದೆ ಬರುವವರ ಪಾಲನ್ನು ಕಸಿಯುವಂಥವು. ಸುಮ್ಮನೆ ಕೂತವರು ಯಾರ ಪಾಲನ್ನೂ ಕಸಿಯುವುದಿಲ್ಲ. ಸಾರ್ವಜನಿಕ ಜಾಗದ ನೀತಿಗೆ ಇದಕ್ಕಿಂತ ಬೇರೆ ಅಳತೆಗೋಲು ಬೇಕಿಲ್ಲ.

ಈ ಅಳತೆಗೋಲು ಸರ್ಕಾರಕ್ಕೂ ಸಲ್ಲುತ್ತದೆ. 2025ರಲ್ಲಿ ಬೆಂಗಳೂರಿನ ಸುರಂಗ ರಸ್ತೆಯ ಯೋಜನೆ ಲಾಲ್‌ಬಾಗಿನ ನೆಲದಲ್ಲೂ ಕೆಲವು ಎಕರೆಗಳನ್ನು ಕೇಳಿದಾಗ ಜನ ವಿರೋಧಿಸಿದರು. ವಾಹನಗಳ ನಡುವೆ ಗಂಟೆಗಟ್ಟಲೆ ಸಿಕ್ಕಿಬೀಳುವವರೂ ಜನರೇ. ಅವರ ಕಷ್ಟ ಸುಳ್ಳಲ್ಲ. ಆದರೆ ಅವರು ತಮ್ಮ ಕಷ್ಟವನ್ನು ಬಾಯಿಬಿಟ್ಟು ಹೇಳಬಲ್ಲರು, ಮತ ಹಾಕಬಲ್ಲರು. ಐವತ್ತು ವರ್ಷದ ನಂತರ ಈ ಮರದ ಕೆಳಗೆ ಕೂರಬೇಕಾದ ಮಗು ಇನ್ನೂ ಹುಟ್ಟಿಲ್ಲ. ಅದರ ಪರವಾಗಿ ಯಾರಾದರೂ ಮಾತಾಡಬೇಕಲ್ಲ? ರಸ್ತೆಗೆ ಬೇರೆ ದಾರಿ ಹುಡುಕಬಹುದು. ಇನ್ನೂರು ವರ್ಷದ ಮರಕ್ಕೆ ಇನ್ನೂರು ವರ್ಷವೇ ಬೇಕು.

ಗಿಡ ನೆಟ್ಟವನಿಗೆ ಅದರಿಂದ ಹಕ್ಕಿ ತಿಂದರೂ ಪ್ರಾಣಿ ತಿಂದರೂ ಮನುಷ್ಯ ತಿಂದರೂ ಅದು ದಾನವಾಗಿ ಸಲ್ಲುತ್ತದೆ ಎಂದು ಪ್ರವಾದಿಯವರು ಹೇಳಿದ್ದನ್ನು ನಾವು ಚಿಕ್ಕಂದಿನಿಂದ ಕೇಳಿದ್ದೇವೆ. ಆ ಮಾತಿನಲ್ಲಿ ತಿನ್ನುವವನು ಯಾವ ಮತದವನು ಎಂಬ ಷರತ್ತು ಇಲ್ಲ. ಅದನ್ನು ಓದದೆಯೇ ಬಾಳಿ ತೋರಿಸಿದವರು ಸಾಲುಮರದ ತಿಮ್ಮಕ್ಕ. ಹುಲಿಕಲ್ಲಿನಿಂದ ಕುದೂರಿನ ದಾರಿಯುದ್ದಕ್ಕೂ ಗಂಡನ ಜೊತೆ ಸೇರಿ 385 ಆಲದ ಮರ ಬೆಳೆಸಿದರು. ತಮ್ಮ ಹೊಲದಲ್ಲಿ ನೆಟ್ಟಿದ್ದರೆ ಅವು ಅವರ ಆಸ್ತಿಯಾಗುತ್ತಿದ್ದವು. ಅವರು ನೆಟ್ಟದ್ದು ರಸ್ತೆಯ ಬದಿಯಲ್ಲಿ, ಹೋಗಿಬರುವವರಿಗೆ. 2025ರ ನವೆಂಬರಿನಲ್ಲಿ ಅವರು ತೀರಿಕೊಂಡರು. ಆ ನೆರಳಿನಲ್ಲಿ ದಣಿವಾರಿಸಿಕೊಳ್ಳುವ ಲಾರಿಯ ಡ್ರೈವರನಿಗೆ ಅವರ ಹೆಸರು ಗೊತ್ತಿರಬಹುದು, ಗೊತ್ತಿಲ್ಲದಿರಬಹುದು. ನೆರಳು ಮಾತ್ರ ಅಷ್ಟೇ ತಂಪು.

ಲಾಲ್‌ಬಾಗಿನ ಬಂಡೆಯ ಮೇಲೆ ಕೆಂಪೇಗೌಡನ ಗೋಪುರವಿದೆ. ಗೋಪುರಕ್ಕೆ ಕೆಲವು ನೂರು ವರ್ಷ. ಬಂಡೆಗೆ ಸುಮಾರು 300 ಕೋಟಿ ವರ್ಷ ಎಂದು ಭೂವಿಜ್ಞಾನಿಗಳು ಹೇಳುತ್ತಾರೆ. ಅದರ ಮೇಲೆ ನಿಂತು 'ಇದು ನಮ್ಮದು' ಎನ್ನುವವನ ಮಾತಿಗೆ ಎಷ್ಟು ತೂಕ? ನಾವೆಲ್ಲ ಇಲ್ಲಿ ಬಂದು ಹೋಗುವವರು, ನಮ್ಮ ಕೈಗೆ ಬಂದದ್ದು ಒಂದು ಅಮಾನತ್ತು. ಅದನ್ನು ಕೊಟ್ಟವರಿಗೆ ಹಿಂತಿರುಗಿಸಲು ಸಾಧ್ಯವಿಲ್ಲ. ಹೈದರನೂ ಇಲ್ಲ, ಕ್ರುಂಬಿಗಲ್ಲೂ ಇಲ್ಲ, ಹೆಸರಿಲ್ಲದ ಆ ಮಾಲಿಯೂ ಇಲ್ಲ. ನಮ್ಮ ಗುರುತಿಲ್ಲದವರಿಂದ ಪಡೆದ ಸಾಲವನ್ನು ನಮಗೆ ಗುರುತಿಲ್ಲದವರಿಗೇ ತೀರಿಸಬೇಕು. ಎಲ್ಲರಿಗೂ ಗಿಡ ನೆಡಲು ನೆಲವಿಲ್ಲ. ಆದರೆ ಬಿಸಿಲಿನಲ್ಲಿ ಬಂದವರೊಬ್ಬರು ಬೆಂಚಿನ ಮುಂದೆ ನಿಂತಾಗ ಸ್ವಲ್ಪ ಸರಿದು ಜಾಗ ಮಾಡಿಕೊಡುವುದು, ಅವರ ಹೆಸರು ಕೇಳದೆ ಇರುವುದು, ಇಷ್ಟು ಎಲ್ಲರ ಕೈಲೂ ಆಗುತ್ತದೆ.